ಬೆಳೆಯದ ಕೈಗೊಂದು ಗಿಟಾರ್

ಕಾಪು
9 ಜೂನ್ 2024

ಪ್ರೀತಿಯ ಲೂಯಿಸಣ್ಣ,

ಪತ್ರ ನೋಡಿ ಹೆದರಬೇಡ, ಯಾರೂ ತೀರಿಕೊಂಡಿಲ್ಲ. ಮನೆಗೆ ಬರೆಯದೆ ನಿನ್ನ ಆಫೀಸಿನ ವಿಳಾಸಕ್ಕೆ ಬರೆಯಲು ಕಾರಣ ಉಂಟು. ಫೋನಿನಲ್ಲಿ ನಿನಗೆ ಒಂದು ಮಾತು ಹೇಳಿದರೆ ಅದು ನಿಮ್ಮ ಮಸ್ಕತ್ತಿನ ಮನೆಯಲ್ಲಿ ಸ್ಪೀಕರಿನಲ್ಲಿ ಮೊಳಗುತ್ತದೆ. ನಾನು ಫೋನ್ ಇಟ್ಟು ಅಡುಗೆಮನೆಗೆ ಹೋಗುವಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಕಳೆದ ವರ್ಷ ಮೂಲವ್ಯಾಧಿಯ ಶಂಕೆ ಎಂದು ನಿನಗೊಬ್ಬನಿಗೆ ಹೇಳಿದ್ದೆ. ಸಂಜೆಗೆ ಟೊರೊಂಟೋದಿಂದ ಇಸಬ್‌ಗೋಲ್ ಕುಡಿಯುವ ಕ್ರಮ ಬಂತು. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ನಿನ್ನ ಹೆಂಡತಿ ಕ್ಯಾರೆನ್‌ಗೆ ಬೆರಳು ಸ್ವಲ್ಪ ಚುರುಕು ಎಂದಷ್ಟೇ ಹೇಳುತ್ತೇನೆ.

ಅದಕ್ಕೇ ಪತ್ರ, ಅದಕ್ಕೇ ಕನ್ನಡ. ಕೊಂಕಣಿಯಲ್ಲಿ ಬರೆದರೆ ಯಾರಾದರೂ ಓದಿ ಹೇಳಿದ ಕೂಡಲೇ ಅವಳಿಗೆ ತಿಳಿದುಹೋಗುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳಿಗೆ ಕನ್ನಡ ಓದಲೂ ಬಾರದು, ಕೇಳಿದರೆ ಅರ್ಥವೂ ಆಗದು. ಒಂದೇ ಬಾಗಿಲಿಗೆ ಎರಡು ಬೀಗ.

ಈಗ ಸುದ್ದಿ. ನಮ್ಮ ಇಗರ್ಜಿಯಲ್ಲಿ ಹಾಡುವ ಕೊಯರ್‌ಗೆ ಕ್ಲಾಯ್ಡ್ ಎಂಬ ಹೊಸ ಮಾಸ್ಟರ್ ಬಂದಿದ್ದಾನೆ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಕಿವಿ ಬಹಳ ಸೂಕ್ಷ್ಮವಂತೆ. ಮೊನ್ನೆ ಅಭ್ಯಾಸ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, "ಜೆರ್ಟ್ರೂಡ್ ಆಂಟಿ, ನಿಮ್ಮ ಸ್ವರ ಸ್ವಲ್ಪ ದಣಿದಿದೆ ಅಲ್ವಾ? ಇನ್ನು ನೀವು ಹಾಡಿನ ಪುಸ್ತಕ ಹಂಚುವ ಸೇವೆ ಮಾಡಿದರೆ ಹೇಗೆ?" ಎಂದ. ಸೇವೆ! ಯಾರನ್ನಾದರೂ ಹೊರಗೆ ಹಾಕುವಾಗ ನಮ್ಮಲ್ಲಿ ಮೊದಲು ಬರುವ ಶಬ್ದ ಅದೇ. ಜನವರಿಯ ವಾರ್ಷಿಕ ಹಬ್ಬದವರೆಗೆ ಹಿಂದಿನ ಸಾಲಿನಲ್ಲಿ, ಮೈಕಿನಿಂದ ದೂರ ನಿಲ್ಲಬಹುದಂತೆ. ಆಮೇಲೆ ಪುಸ್ತಕ.

ಪಾವಡೆ ಹಾಕುವ ವಯಸ್ಸಿನಿಂದ ನಾನು ಅಲ್ಲಿ ಹಾಡಿದ್ದೇನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ, "ನಿನ್ನೆ ಯಾಕೆ ಬರಲಿಲ್ಲ?" ಎಂದು ನನ್ನನ್ನು ಕೇಳುವ ಜಾಗ ಅದೊಂದೇ ಉಳಿದಿರುವುದು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕೊಯರ್‌ನ ಗಿಟಾರಿನ ಹುಡುಗಿ ಸೋಫಿಯಾ ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಹೋದಳು. ಆ ಜಾಗ ಖಾಲಿ ಉಂಟು. ಹಬ್ಬದೊಳಗೆ ಊರಿನವರು ಯಾರಾದರೂ ಕಲಿತು ಬಂದರೆ ಅವರಿಗೆ, ಇಲ್ಲದಿದ್ದರೆ ಕೀಬೋರ್ಡಿನ ಮೆಷಿನ್ ತಾಳ ಎಂದು ಕ್ಲಾಯ್ಡ್ ಎಲ್ಲರೆದುರು ಹೇಳಿದ್ದಾನೆ.

ಇನ್ನೊಂದು ವಿಷಯ. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಹೊಸದಾಗಿ ಕಲಿಯುವ ಒಬ್ಬರಿಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಬೇಕಾಗಿದೆ. ಮರದ ಡಬ್ಬದಂಥ ಮಾಮೂಲಿ ಗಿಟಾರ್ ಆಗದು, ಅದನ್ನು ಅಪ್ಪಿಕೊಂಡರೆ ಕೈ ಮುಂದಕ್ಕೆ ಬರುವುದಿಲ್ಲ. ಎಲೆಕ್ಟ್ರಿಕ್ ಆದರೆ ತೆಳು. ವಯರ್ ಚುಚ್ಚದೆ ಬಾರಿಸಿದರೆ ಪಕ್ಕದ ಮನೆಗೂ ಕೇಳುವುದಿಲ್ಲ. ಆಳು ಚಿಕ್ಕದು, ಕೈ ಚಿಕ್ಕದು. ಅಲ್ಲಿ ಒಳ್ಳೆಯದು ಸಿಗುತ್ತದಂತೆ, ವಿಚಾರಿಸು.

ಓದಿದ ಮೇಲೆ ಹರಿದು ಹಾಕು.

ನಿನ್ನ ಜೆರ್ಟ್ರೂಡ್


ಮಸ್ಕತ್
28 ಜೂನ್ 2024

ಪ್ರಿಯ ಜೆರ್ಟ್ರೂಡ್,

ಪತ್ರ ತಲುಪಿತು, ಆದರೆ ಹರಿಯಲಿಲ್ಲ. ಇಷ್ಟು ವರ್ಷದ ಮೇಲೆ ನನ್ನ ಹೆಸರಿಗೆ ಬಿಲ್ ಅಲ್ಲದ್ದೊಂದು ಬಂದಿದೆ.

ಗಿಟಾರ್ ಯಾರಿಗೆ ಎಂದು ನೀನು ಬರೆಯದಿದ್ದರೂ ನನಗೆ ಗೊತ್ತಾಯಿತು. ಟೈರ್ ಗೋದಾಮಿನಲ್ಲಿ ತಲೆ ಬೆಳ್ಳಗಾದವನು ನಾನು. ಲಾರಿಯ ಸದ್ದು ಕೇಳಿದರೆ ಯಾವ ಸೈಜಿನ ಟೈರ್ ಎಂದು ಹೇಳುತ್ತೇನೆ. ರೇಚಲ್‌ಗೆ ಅಲ್ವಾ? ಜ್ಞಾನಸ್ನಾನದಲ್ಲಿ ನೀನು ಎತ್ತಿ ಹಿಡಿದ ನಿನ್ನ ದೇವಮಗಳಿಗೆ ಬರುವ ವರ್ಷ ಪ್ರಥಮ ಪರಮಪ್ರಸಾದ. ದೇವಮಾತೆಯಾದವಳು ಉಡುಗೊರೆ ಕೊಡಲೇಬೇಕು. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಿದ್ದೀಯ. ನೀನು ಕೊಯರ್‌ನಿಂದ ಇಳಿಯುವುದು, ಅವಳು ಹತ್ತುವುದು, ಕುಟುಂಬದ ಜಾಗ ಕೈತಪ್ಪದು. ಭಾರೀ ತಲೆ ನಿನ್ನದು!

ನೀನು ಬೇಜಾರು ಮಾಡಬೇಡ. ವಯಸ್ಸಾದ ಮೇಲೆ ಸ್ವರ ಹೋಗುವುದು ಸಹಜ. ಪುಸ್ತಕ ಹಂಚುವುದೂ ದೇವರ ಕೆಲಸವೇ. ಕಾಳುಮೆಣಸಿನ ಕಷಾಯ ಕುಡಿ, ಕೂತು ವಿಶ್ರಾಂತಿ ತೆಗೆದುಕೋ.

ಗಿಟಾರ್ ವಿಷಯ ನನಗೆ ಬಿಡು. ಟೈರ್ ಆಗಲಿ ಗಿಟಾರ್ ಆಗಲಿ, ತೂಕ ಇದ್ದರೆ ಬಾಳಿಕೆ. ಹಗುರವಾದ ಸಾಮಾನು ಯಾವತ್ತೂ ಮೋಸ. ಒಂದು ಕೆಲಸ ಮಾಡು. ಹಿಂದೆ ನಾನು ಚಪ್ಪಲಿ ತರುವಾಗ ನೀವೆಲ್ಲ ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದು ಕಳಿಸುತ್ತಿದ್ದಿರಲ್ಲ, ಹಾಗೆ ಮಗುವಿನ ಕೈಯ ಗೆರೆ ಕಳಿಸು.

ಕ್ಯಾರೆನ್‌ಗೆ ಹೇಳಿಲ್ಲ. ನನ್ನ ಹೊಟ್ಟೆಯೊಳಗೆ ಹೋದದ್ದು ಹೊರಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ಅಣ್ಣ
ಲೂಯಿಸ್


ಕಾಪು
17 ಜುಲೈ 2024

ಲೂಯಿಸಣ್ಣ,

ನಿನ್ನ ಅಂದಾಜನ್ನು ನಾನು ಒಪ್ಪುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ. ಕಷಾಯ ಕುಡಿದೆ. ನಾಲಿಗೆ ಸುಟ್ಟಿತು.

ಕೈಯ ಗೆರೆ ಇದರೊಳಗೆ ಉಂಟು. ಮುಂದಿನ ವಾಕ್ಯವನ್ನು ದಯವಿಟ್ಟು ಎರಡು ಸಲ ಓದು. ಈ ಕೈ ಇನ್ನು ಬೆಳೆಯುವುದಿಲ್ಲ.

ನಾನು ವಿಡಿಯೋಗಳನ್ನು ನೋಡಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಗಿಟಾರಿನ ಕೊರಳು ತೆಳ್ಳಗಿರಬೇಕು, ಹೆಬ್ಬೆರಳು ಹಿಂದಿನಿಂದ ಸುತ್ತಿ ಬರುವಷ್ಟು. ತಂತಿಯ ಉದ್ದ ಕಡಿಮೆಯಿರಬೇಕು, ಇಲ್ಲದಿದ್ದರೆ ಕೊರಳಿನ ತುದಿಯಲ್ಲಿ ಗೆರೆ ಹಾಕಿದ ಮೊದಲ ಮನೆಗೆ ಬೆರಳು ಮುಟ್ಟಿಸಲು ಭುಜವನ್ನೇ ಕಳಚಿ ಕಳಿಸಬೇಕಾಗುತ್ತದೆ. ಹಿಂಬದಿಯನ್ನು ಹೊಟ್ಟೆಗೆ ಒತ್ತದ ಹಾಗೆ ಕೆತ್ತಿರಬೇಕು. ಹಗುರವಿರಬೇಕು. ಹಾಗೆಂದು ಆಟಿಕೆ ಬೇಡ. ಚಿಕ್ಕದು ಎಂದ ಕೂಡಲೇ ಎಲ್ಲರೂ ಆಟಿಕೆ ಕೊಡುತ್ತಾರೆ. ಶ್ರುತಿ ನಿಲ್ಲುವ ಒಳ್ಳೆಯ ವಾದ್ಯ ಬೇಕು.

ಕೊಯರ್‌ನಲ್ಲಿ ಕ್ಲಾಯ್ಡ್ ನನ್ನನ್ನು ಇನ್ನೂ ಒಂದು ಸಾಲು ಹಿಂದಕ್ಕೆ ಕಳಿಸಿದ್ದಾನೆ. ನನ್ನ ಮುಂದೆ ಈಗ ಆರಡಿಯ ಇಬ್ಬರು ಬೇಸ್ ಸ್ವರದವರು. ನನಗೆ ಕಾಣುವುದು ಅವರ ಅಂಗಿಯ ಹೊಲಿಗೆ ಮಾತ್ರ. ಕ್ಲಾಯ್ಡ್ ಕೈ ಎತ್ತಿದನೋ ಇಳಿಸಿದನೋ ಗೊತ್ತಾಗದೆ ಭಾನುವಾರ ಎಲ್ಲರಿಗಿಂತ ಮೊದಲೇ "ಆಮೆನ್" ಎಂದುಬಿಟ್ಟೆ. ಫಾದರ್ ಇನ್ನೂ ಪ್ರಾರ್ಥನೆಯ ಮಧ್ಯದಲ್ಲಿದ್ದರು.

ಬೇಗ ನೋಡು. ದಿನ ಹೋಗುತ್ತಿದೆ.

ಜೆರ್ಟ್ರೂಡ್


ಮಸ್ಕತ್
9 ಆಗಸ್ಟ್ 2024

ಪ್ರಿಯ ಜೆರ್ಟ್ರೂಡ್,

ಶಹಬ್ಬಾಸ್ ಎನ್ನು! ಗಿಟಾರ್ ಕೊಂಡಾಯಿತು.

ಅಂಗಡಿಯವನು ನಿನ್ನ ಕಾಗದದ ಕೈ ನೋಡಿ ಒಂದು ಚಿಕ್ಕದನ್ನು ತಂದ. ಎತ್ತಿ ನೋಡಿದೆ. ಒಳಗೆ ಏನೂ ಇಲ್ಲದ ಹಾಗೆ ಇತ್ತು. ನಾನು ಬಿಡುತ್ತೇನಾ? "ಭಾರದ್ದು ತೋರಿಸು ಮಾರಾಯ" ಎಂದೆ. ಅಂಗಡಿಯ ಅತೀ ಭಾರದ ಗಿಟಾರ್ ಇದು. ಕಪ್ಪು ಬಣ್ಣ. ಎರಡು ಕೈಯಲ್ಲಿ ಎತ್ತಬೇಕು. ಕೊರಳು ಒಳ್ಳೆಯ ಗಟ್ಟಿಮುಟ್ಟು. ಕೈ ಬೆಳೆಯುವುದಿಲ್ಲ ಎಂದು ನೀನು ಬರೆದದ್ದು ಓದಿ ನಕ್ಕೆ. ಮಕ್ಕಳ ಕೈ ಬೆಳೆಯದೆ ಇರುತ್ತದಾ? ಅಮ್ಮ ನಮಗೆ ಯಾವುದನ್ನಾದರೂ ಅಳತೆಗೆ ಸರಿಯಾಗಿ ತಂದದ್ದು ಉಂಟಾ? ಈಗ ಸ್ವಲ್ಪ ದೊಡ್ಡದಾದರೂ ಬೆಳೆದಾಗ ಸರಿಯಾಗ್ತದೆ.

ಅಜೆಕಾರಿನ ಇವಾನ್ ನನ್ನ ಜೊತೆ ಕೆಲಸ ಮಾಡುವವನು, ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ. ಪಾಪ, ಅದರ ಭಾರಕ್ಕೆ ತನ್ನ ಹಾಲಿನ ಪುಡಿಯ ಡಬ್ಬಗಳನ್ನೆಲ್ಲ ಇಲ್ಲೇ ಬಿಟ್ಟ. ಕಾರ್ಕಳದ ಬಸ್‌ಸ್ಟ್ಯಾಂಡಿಗೆ ತಂದುಕೊಡುತ್ತಾನೆ, ಹೋಗಿ ತೆಗೆದುಕೋ.

ರೇಚಲ್ ಬಾರಿಸುವ ವಿಡಿಯೋ ಕಳಿಸು.

ಲೂಯಿಸ್


ಕಾಪು
1 ಸೆಪ್ಟೆಂಬರ್ 2024

ಲೂಯಿಸ್,

ಅಣ್ಣ ಎಂದು ಬರೆಯಲು ಈಗ ಮನಸ್ಸಿಲ್ಲ.

ಕಾರ್ಕಳಕ್ಕೆ ಹೋದೆ. ಇವಾನ್ ಪೆಟ್ಟಿಗೆಯನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿದ. ಅದು ನನ್ನ ಕಿವಿಯ ಎತ್ತರಕ್ಕೆ ಬಂತು. ಉಡುಪಿ ಬಸ್ಸಿನ ಕಂಡಕ್ಟರ್, "ಅಮ್ಮ, ಇದನ್ನು ಡಿಕ್ಕಿಗೆ ಹಾಕಬೇಕು, ಒಳಗೆ ಎಂತ ಉಂಟು, ಹೊಲಿಗೆ ಮೆಷಿನಾ?" ಎಂದ. ಉಡುಪಿಯಲ್ಲಿ ಕಾಪು ಬಸ್ಸು ಹತ್ತಿಸಲು ಇಬ್ಬರು ಪ್ಯಾಸೆಂಜರ್ ಕೈ ಸೇರಿಸಿದರು. ಒಬ್ಬರು ಇಳಿಯುವಾಗ, "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂದು ನಕ್ಕರು. ಈ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಕೀರ್ತಿ ಇನ್ನೂ ಬಂದಿಲ್ಲ, ಮೂರ್ತಿ ಮಾತ್ರ ಹಾಗೆಯೇ ಉಂಟು.

ಮನೆಯಲ್ಲಿ ಬಾಗಿಲು ಹಾಕಿ ತೊಡೆಯ ಮೇಲೆ ಇಟ್ಟುಕೊಂಡೆ. ಕಾಲು ಜೋಮು ಹಿಡಿಯಿತು. ಮೇಲಿನ ಅಂಚು ಪಕ್ಕೆಲುಬಿಗೆ ಚುಚ್ಚಿತು. ಎಡಗೈಯನ್ನು ಎಷ್ಟು ಚಾಚಿದರೂ ಮೊದಲ ಮನೆ ಸಿಗಲಿಲ್ಲ. ಭುಜಕ್ಕೆ ಪಟ್ಟಿ ಹಾಕಿ ಎದ್ದು ನಿಂತರೆ ಗಿಟಾರ್ ಮೊಣಕಾಲಿಗೆ ಬಂತು, ಅದು ನನ್ನನ್ನು ಮುಂದಕ್ಕೆ ಎಳೆದುಕೊಂಡು ಹೋಗಿ ಸೋಫಾದ ಮೇಲೆ ಕೆಡವಿತು. ಎರಡು ದಿನ ಬೆನ್ನಿಗೆ ಎಣ್ಣೆ ಹಚ್ಚಿ ಮಲಗಿದೆ.

ಈಗ ಹೇಳುತ್ತೇನೆ ಕೇಳು. ಗಿಟಾರ್ ರೇಚಲ್‌ಗೆ ಅಲ್ಲ. ನನಗೆ. ಆ ಕೈ ನನ್ನದು.

ಕೊಯರ್‌ನಲ್ಲಿ ಉಳಿಯಲು ನನಗಿರುವ ದಾರಿ ಅದೊಂದೇ. ಹಾಡಲು ಬಿಡುವುದಿಲ್ಲ ಎಂದರೆ ಬಾರಿಸುತ್ತೇನೆ. ಐವತ್ತೆಂಟರಲ್ಲಿ ಇದೆಂಥ ಹುಚ್ಚು ಎಂದು ನೀನು ನಗುತ್ತೀ ಎಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದು ನನ್ನ ತಪ್ಪು, ಆದರೆ ಕೈ ಬೆಳೆಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೆ.

ನನ್ನ ಪ್ರಥಮ ಪರಮಪ್ರಸಾದದ ಫ್ರಾಕಿಗೆ ಅಮ್ಮ ಎಷ್ಟು ಪಿನ್ ಚುಚ್ಚಿದ್ದರು, ನೆನಪುಂಟಾ? ಶೂವಿನ ತುದಿಗೆ ಹತ್ತಿ ತುಂಬಿಸಿದ್ದರು. ಬೆಳೆದಾಗ ಸರಿಯಾಗ್ತದೆ ಎಂದೇ ಎಲ್ಲ ತಂದರು, ನಾನು ಬೆಳೆಯಲೇ ಇಲ್ಲ. ಕೆಲಸಕ್ಕಿದ್ದಾಗ ಸಹಕಾರಿ ಸಂಘದ ಕೌಂಟರಿನಲ್ಲಿ ಜನರಿಗೆ ನನ್ನ ಹಣೆ ಮಾತ್ರ ಕಾಣುತ್ತಿತ್ತು. ಲೋಕದಲ್ಲಿ ಒಂದಾದರೂ ವಸ್ತು ನನ್ನ ಅಳತೆಗೆ ಇರಬೇಕೆಂದು ಆಸೆಪಟ್ಟು ನಿನ್ನನ್ನು ಕೇಳಿದೆ. ನೀನು ಅಮ್ಮನಿಗಿಂತ ದೊಡ್ಡ ಸೈಜ್ ತಂದೆ. ನನಗೆ ಅಳು ಬಂತು, ಅತ್ತುಬಿಟ್ಟೆ.

ಜೆರ್ಟ್ರೂಡ್


ಮಸ್ಕತ್
2 ಸೆಪ್ಟೆಂಬರ್ 2024

ಪ್ರಿಯ ಜೆರ್ಟ್ರೂಡ್,

ಗಿಟಾರ್ ತಲುಪಿತು ಎಂದು ಇವಾನ್ ಹೇಳಿದ. ನಿನ್ನ ಪತ್ರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ದೊಡ್ಡ ಗಲಾಟೆ.

ನಿನ್ನ ಕೈಯ ಗೆರೆಯನ್ನು ಅಂಗಡಿಗೆ ಒಯ್ದವನು ಪ್ಯಾಂಟಿನ ಕಿಸೆಯಲ್ಲೇ ಮರೆತೆ. ಕ್ಯಾರೆನ್ ಬಟ್ಟೆ ಒಗೆಯುವಾಗ ಸಿಕ್ಕಿತು. "ಇದು ಯಾರ ಕೈ?" ಎಂದು ಕೇಳಿದಳು. ರೇಚಲ್‌ದು ಎಂದೆ. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹತ್ತು ವರ್ಷದ ಮಗು ಮದುವೆಯ ಉಂಗುರ ಹಾಕುತ್ತದಾ?" ಎಂದಳು. ನೋಡಿದರೆ ಹೌದು, ಒಂದು ಬೆರಳಿನಲ್ಲಿ ಗೆರೆ ಉಬ್ಬಿದೆ. ನಾನು ನಿಜವಾಗಿಯೂ ಗಮನಿಸಿರಲಿಲ್ಲ. ಅದನ್ನು ಹೇಳಿದರೆ ಯಾರು ನಂಬುತ್ತಾರೆ? ಆಫೀಸಿನ ಮೇಜಿನಲ್ಲಿ ತನಗೆ ಓದಲು ಬಾರದ ಭಾಷೆಯ ಪತ್ರಗಳಿರುವುದೂ ಅವಳಿಗೆ ಹೇಗೋ ಗೊತ್ತಾಯಿತು. ಒಟ್ಟಿಗೆ ಸೇರಿಸಿ ಒಂದು ಹೆಂಗಸನ್ನು ತಯಾರು ಮಾಡಿದಳು. ಕುಳ್ಳಿ, ಮದುವೆಯಾದವಳು, ನನ್ನಿಂದ ಉಡುಗೊರೆ ಕೇಳುವವಳು.

ನಮ್ಮ ಡ್ರೈವರ್ ಮುತ್ತುರಾಜ ಬಾಗಲಕೋಟೆಯವನು. ಅವನನ್ನು ಮನೆಗೆ ಕರೆಸಿ ಸೋಫಾದಲ್ಲಿ ಕೂರಿಸಿ ನಿನ್ನ ಎರಡು ಪತ್ರಗಳನ್ನು ಓದಿಸಿ ಹಿಂದಿಯಲ್ಲಿ ಅರ್ಥ ಕೇಳಿದಳು. ನಿನ್ನ ಎರಡೂ ಬೀಗಕ್ಕೆ ಅವನ ಹತ್ತಿರ ಕೀ ಇತ್ತು. ಓದಿ ಮುಗಿಸಿ ಅವನು ಕಣ್ಣು ಒರೆಸಿಕೊಂಡು ನನಗೇ ಹೇಳಿದ: "ಸಾಹೇಬ್ರ, ನಿಮ್ಮ ತಂಗೇರು ಭಾಳ ಚಲೋ ಬರೀತಾರ್ರಿ. ಆದ್ರ ಗಿಟಾರ್ ಅವ್ರಿಗೇ ಬೇಕಾಗೇತ್ರಿ. ಇಷ್ಟ್ ಸೀದಾ ಐತಿ, ನಿಮಗ ತಿಳೀಲಿಲ್ಲೇನ್ರಿ?"

ಕ್ಯಾರೆನ್ ನಗಲಿಲ್ಲ. ಆ ಬೆರಳಿನ ಚುರುಕಿನ ಮಾತನ್ನೂ ಮುತ್ತುರಾಜ ಬಿಡದೆ ಹಿಂದಿಗೆ ತಂದಿದ್ದ, ಅದಕ್ಕೂ ಸಿಟ್ಟಾಗಲಿಲ್ಲ. ನನ್ನನ್ನೇ ಕೇಳಿದಳು: "ನಿನ್ನ ಒಬ್ಬಳೇ ತಂಗಿಯ ಕೈ ನಿನಗೆ ಗುರುತು ಸಿಗಲಿಲ್ಲವಾ ಲೂಯಿಸ್?"

ರಜೆಯಲ್ಲಿ ಬಂದಾಗಲೆಲ್ಲ ಆ ಕೈ ಬಡಿಸಿದ್ದನ್ನು ತಿಂದಿದ್ದೇನೆ. ನಾಚಿಕೆಯಾಯಿತು ಜೆರ್ಟ್ರೂಡ್. ನಿನಗೆ ವಿಶ್ರಾಂತಿ ತೆಗೆದುಕೋ ಎಂದು ಬರೆದದ್ದಕ್ಕೆ ಇನ್ನೂ ನಾಚಿಕೆ.

ಕ್ಯಾರೆನ್ ಹೇಳುತ್ತಾಳೆ, ಇನ್ನು ನಾನು ಗಿಟಾರ್ ಕೊಳ್ಳಬಾರದಂತೆ. "ಬ್ಲೌಸು ಯಾರಾದರೂ ಬೇರೆಯವರ ಮೈಗೆ ಹಾಕಿ ನೋಡಿ ತರುತ್ತಾರಾ? ಅವಳೇ ಹೋಗಿ ಮಡಿಲಲ್ಲಿ ಇಟ್ಟು ನೋಡಲಿ" ಎನ್ನುತ್ತಾಳೆ. ಯಾರಿಗೂ ಹೇಳುವುದಿಲ್ಲ ಎಂದು ಶಿಲುಬೆ ಮುಟ್ಟಿದ್ದಾಳೆ.

ಲೂಯಿಸ್


ಕಾಪು
13 ಅಕ್ಟೋಬರ್ 2024

ಲೂಯಿಸಣ್ಣ,

ಹೌದು, ಮತ್ತೆ ಅಣ್ಣ. ನಮ್ಮ ಪತ್ರಗಳು ಸಮುದ್ರದ ಮಧ್ಯದಲ್ಲಿ ಒಂದನ್ನೊಂದು ದಾಟಿಹೋಗಿವೆ. ನಾನು ಅಷ್ಟು ಗಟ್ಟಿಯಾಗಿ ಬೈಯಬಾರದಿತ್ತು. ಬೈದದ್ದು ಸುಳ್ಳಲ್ಲ, ಆದರೂ ಗಟ್ಟಿಯಾಯಿತು.

ಕ್ಯಾರೆನ್ ಹೇಳಿದ ಹಾಗೆ ನಾನೇ ಹೋದೆ, ಮಣಿಪಾಲಕ್ಕೆ. ಕಾಲೇಜು ಮಕ್ಕಳು ಹೋಗುವ ಸಂಗೀತದ ಅಂಗಡಿ. ಮಾಲಕನ ಹೆಸರು ಲೀಲಾಧರ. "ಮೊಮ್ಮಗಳಿಗಾ ಮೇಡಂ?" ಎಂದ. "ನನಗೆ" ಎಂದೆ. ನಗಲಿಲ್ಲ, ಒಂದು ಗಿಡ್ಡ ಸ್ಟೂಲ್ ಎಳೆದುಕೊಟ್ಟ. ಅಲ್ಲಿಗೆ ಅರ್ಧ ಕೆಲಸ ಆಯಿತು.

ಮೊದಲು ತಂದದ್ದು ಚಿಟ್ಟೆ ಅಂಟಿಸಿದ ಗುಲಾಬಿ ಬಣ್ಣದ್ದು. ತಂತಿ ಬಿಗಿಯುವ ಕಿವಿ ತಿರುಪಿ ಶ್ರುತಿ ಮಾಡಿ ಕೊಟ್ಟ. ನಾನು ಒಂದು ಸಲ ಗೀರುವಷ್ಟರಲ್ಲಿ ಶ್ರುತಿ ಇಳಿಯಿತು. "ನಾನು ಗಿಡ್ಡ ಅಷ್ಟೇ, ಮಗು ಅಲ್ಲ" ಎಂದೆ. "ಸರಿ ಮೇಡಂ, ತಪ್ಪಾಯಿತು" ಎಂದು ಒಳಗಿನಿಂದ ಬೇರೆ ತಂದ. ಒಂದರ ಕೊರಳು ಒನಕೆಯ ಹಾಗಿತ್ತು. ಇನ್ನೊಂದು ಕೊರಳಿನ ಕಡೆಗೆ ವಾಲುತ್ತಿತ್ತು. ಬಾರಿಸುವುದಕ್ಕಿಂತ ಅದನ್ನು ಎತ್ತಿ ಹಿಡಿಯುವುದೇ ಎಡಗೈಗೆ ಕೆಲಸ. ಮತ್ತೊಂದು ಚೆಂದ ಇತ್ತು, ಆದರೆ ಚೂಪು ಅಂಚು ಮೊಣಕೈ ಕೆಳಗೆ ಒತ್ತುತ್ತಿತ್ತು.

ಆಮೇಲೆ ಒಂದು ತಂದ. ಮಡಿಲಲ್ಲಿ ಇಟ್ಟೆ, ಕೂತಿತು. ಹಿಂಬದಿಯ ಬಳುಕು ನನ್ನ ಹೊಟ್ಟೆಗೆ ಸರಿಯಾಗಿ ಹೊಂದಿತು. ಎಡಗೈ ಹೋದಲ್ಲೇ ಮೊದಲ ಮನೆ ಇತ್ತು. ಭುಜ ಮೇಲೆ ಏರಲಿಲ್ಲ. "ಕೂಡಲೇ ತೆಗೆದುಕೊಳ್ಳಬೇಡಿ, ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿರಿ, ಎಲ್ಲಿಯಾದರೂ ನೋಯುತ್ತದಾ ನೋಡಿ" ಎಂದು ಅವನು ಬೇರೆ ಗಿರಾಕಿಗಳ ಹತ್ತಿರ ಹೋದ. ನಾನು ಕೂತೇ ಇದ್ದೆ. ಎಲ್ಲಿಯೂ ನೋಯಲಿಲ್ಲ. ಬಣ್ಣ ಮಾತ್ರ ಹಳೆ ಆಸ್ಪತ್ರೆಯ ಗೋಡೆಯದು. ಅದನ್ನು ಹೇಳಿದಾಗ ಲೀಲಾಧರ, "ಬಣ್ಣ ನೋಡುವುದು ಎದುರಿನವರು ಮೇಡಂ, ಭಾರ ಹೊರುವುದು ನೀವು" ಎಂದ. ತೆಳು ತಂತಿ ಹಾಕಿ, ತಂತಿಯ ಎತ್ತರ ಇಳಿಸಿ ಕೊಟ್ಟ. ಶನಿವಾರ ಪಾಠವನ್ನೂ ಅವನೇ ಹೇಳಿಕೊಡುತ್ತಾನೆ.

ನಿನ್ನ ಕಪ್ಪು ರಾಕ್ಷಸನನ್ನು ರೇಚಲ್‌ಗೆ ಕೊಟ್ಟೆ. ಹತ್ತು ವರ್ಷಕ್ಕೇ ನನ್ನಿಂದ ಎರಡು ಬೆರಳು ಎತ್ತರ ಆಗಿದ್ದಾಳೆ. ಅವಳಿಗೆ ನಿಜವಾಗಿ ಸರಿಯಾಗಬಹುದು.

ಒಂದು ದೂರು. ಮೊನ್ನೆ ಕುಟುಂಬದ ಗುಂಪಿನಲ್ಲಿ ಎಲ್ಲರೂ ನನಗೆ ಗಿಟಾರಿನ ಚಿತ್ರ ಕಳಿಸಿದರು. ಟೊರೊಂಟೋದಿಂದ ಬೆರಳಿಗೆ ಹಚ್ಚುವ ಮುಲಾಮಿನ ಹೆಸರು ಬಂತು. ಶಿಲುಬೆ ಮುಟ್ಟಿದವರು ಹೀಗೆ ಮಾಡಬಾರದಿತ್ತು. ಕ್ಯಾರೆನ್‌ಗೆ ಹೇಳು.

ಜೆರ್ಟ್ರೂಡ್


ಮಸ್ಕತ್
2 ನವೆಂಬರ್ 2024

ಪ್ರಿಯ ಜೆರ್ಟ್ರೂಡ್,

ಗುಂಪಿಗೆ ಹಾಕಿದ್ದು ನಾನು. "ನನ್ನ ತಂಗಿ ಈ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾಳೆ" ಎಂದು ಇವಾನ್‌ಗೆ ಬರೆದದ್ದು ಬೆರಳು ಜಾರಿ ಗುಂಪಿಗೆ ಹೋಯಿತು. ನಿನ್ನ ಮೂಲವ್ಯಾಧಿಯೂ ಹೀಗೆಯೇ ಹೋದದ್ದಂತೆ. ಕ್ಯಾರೆನ್ ನನ್ನ ಫೋನ್ ತೆರೆದು ತೋರಿಸಿದಳು. ಇಷ್ಟು ವರ್ಷ ಎಲ್ಲವನ್ನೂ ಹೊರಗೆ ಬಿಟ್ಟವನು ನಾನೇ. ಅವಳು ಗುಂಪನ್ನು ಓದುವುದೂ ಇಲ್ಲವಂತೆ, ತಲೆನೋವು ಬರುತ್ತದಂತೆ.

ಅವಳಿಗೆ ಬೇಜಾರಿಲ್ಲ. ಆದರೆ ಅವಳಿಗೆ ನೀನೇ ಎರಡು ಸಾಲು ಬರೆ. ಕನ್ನಡದಲ್ಲಾದರೂ ಪರವಾಗಿಲ್ಲ. ಮುತ್ತುರಾಜ ಈಗ ಶುಕ್ರವಾರ ತಾನಾಗಿಯೇ ಬಂದು, "ಅಕ್ಕಾರ ಪತ್ರ ಬಂತೇನ್ರಿ?" ಎಂದು ಕೇಳಿ ಚಹಾ ಕುಡಿದು ಹೋಗುತ್ತಾನೆ.

ಲೂಯಿಸ್


ಕಾಪು
2 ಡಿಸೆಂಬರ್ 2024

ಲೂಯಿಸಣ್ಣನಿಗೆ ಮತ್ತು ಕ್ಯಾರೆನ್‌ಗೆ,

ಕ್ಯಾರೆನ್, ನಿನ್ನ ಬೆರಳಿನ ಬಗ್ಗೆ ಬರೆದದ್ದಕ್ಕೆ ಕ್ಷಮಿಸು. ಮುತ್ತುರಾಜ, ಇದನ್ನು ಸರಿಯಾಗಿ ಓದಿ ಹೇಳಪ್ಪ.

ನಿನ್ನೆ ಕ್ಲಾಯ್ಡ್ ಪರೀಕ್ಷೆ ಮಾಡಿದ. ಆಗಲಿಲ್ಲ.

ಮನೆಯಲ್ಲಿ ಕೂತು ಹಬ್ಬದ ಹಾಡುಗಳನ್ನೆಲ್ಲ ಬಾರಿಸುತ್ತೇನೆ. ಬೆರಳ ತುದಿ ಗಟ್ಟಿಯಾಗಿದೆ, ಬಿಸಿ ಪಾತ್ರೆ ಮುಟ್ಟಿದರೂ ತಿಳಿಯುವುದಿಲ್ಲ. ಆದರೆ ಪೂಜೆಯಲ್ಲಿ ಕೊಯರ್ ನಿಂತು ಹಾಡುವುದು, ಗಿಟಾರಿನವರೂ ನಿಲ್ಲಬೇಕು. ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿದರೂ ಗಿಟಾರ್ ಸೊಂಟಕ್ಕಿಂತ ಕೆಳಗೆ ಇಳಿಯಿತು. ಪಟ್ಟಿ ಭುಜದಿಂದ ಜಾರುತ್ತಿತ್ತು. ಕೈಗೆ ಯಾವ ಮನೆಯೂ ಸಿಗಲಿಲ್ಲ. ಎರಡನೆಯ ಸಾಲಿನಲ್ಲೇ ನಿಂತುಹೋದೆ. ಕ್ಲಾಯ್ಡ್ ಒಳ್ಳೆಯ ಹುಡುಗನೇ, ಬೈಯಲಿಲ್ಲ. "ನೋಡೋಣ ಆಂಟಿ, ಹಬ್ಬದ ಹಿಂದಿನ ಅಭ್ಯಾಸಕ್ಕೆ ಇನ್ನೊಮ್ಮೆ ಬನ್ನಿ. ಆಗದಿದ್ದರೆ ಮೆಷಿನ್ ಉಂಟಲ್ಲ" ಎಂದ. ಹಾಡಿನ ಪುಸ್ತಕಗಳ ಪೆಟ್ಟಿಗೆ ಈಗಲೇ ನನ್ನ ಬೆಂಚಿನ ಕೆಳಗೆ ಬಂದಿದೆ.

ಉಡುಪಿ, ಮಣಿಪಾಲ ಎಲ್ಲ ಕಡೆ ಕೇಳಿದೆ. ಪಟ್ಟಿಗಳೆಲ್ಲ ಎತ್ತರದವರಿಗೆ. ಮನಸ್ಸು ಸೋತಿದೆ. ಅಷ್ಟು ಹುಡುಕಿ ಸರಿಯಾದ ಗಿಟಾರ್ ಸಿಕ್ಕಿತು, ಅದನ್ನು ನನ್ನ ಮೈಗೆ ತೂಗಿಹಾಕುವ ಪಟ್ಟಿ ಈ ಲೋಕದಲ್ಲಿಲ್ಲ.

ಜೆರ್ಟ್ರೂಡ್


ಮಸ್ಕತ್
18 ಡಿಸೆಂಬರ್ 2024

ಪ್ರಿಯ ಜೆರ್ಟ್ರೂಡ್,

ನಿನ್ನ ಪತ್ರ ಓದಿ ಮುಗಿಯುವ ಮೊದಲೇ ಕ್ಯಾರೆನ್ ಎದ್ದು ಹೋದಳು. ಮೊನ್ನೆ ಅವಳು ನಿನಗೆ ಫೋನ್ ಮಾಡಿ ಎಡಭುಜದಿಂದ ಎದೆಯ ಕೆಳಗಿನವರೆಗೆ ಟೇಪು ಹಿಡಿದು ಅಳತೆ ಹೇಳು ಎಂದು ಕೇಳಿದ್ದು ಯಾಕೆಂದು ಈಗ ತಿಳಿಯಿತಲ್ಲ. ಮೇಡ್ ಇನ್ ಇಟಲಿ ಎಂದು ಬರೆದಿದ್ದ ನನ್ನ ಅಗಲ ಚರ್ಮದ ಬೆಲ್ಟನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ ಹೊಲಿದಿದ್ದಾಳೆ. ದೊರಗಾದ ಬದಿ ಅಂಗಿಗೆ ಹಿಡಿದುಕೊಳ್ಳುತ್ತದಂತೆ, ಜಾರುವುದಿಲ್ಲವಂತೆ. ಮುತ್ತುರಾಜ ಕೈ ಚಾಚಿ ಅಳತೆಗೆ ನಿಂತ. "ಅಕ್ಕಾರು ಇದಕ್ಕಿಂತ ಸಣ್ಣ ಅದಾರ್ರಿ, ಇನ್ನೊಂಚೂರು ಕತ್ತರಸ್ರಿ" ಎಂದು ನನ್ನ ಬೆಲ್ಟಿನ ಬಗ್ಗೆ ಸ್ವಲ್ಪವೂ ಕನಿಕರ ಇಲ್ಲದೆ ಹೇಳಿದ.

"ಒಂದು ಇಂಚು ಜಾಸ್ತಿ ಇರಲಿ, ಬೇಕಾದರೆ..." ಎಂದು ನಾನು ಬಾಯಿ ತೆರೆದೆ. ಇಬ್ಬರೂ ತಿರುಗಿ ನೋಡಿದರು. ಮುಚ್ಚಿದೆ.

ಕ್ರಿಸ್ಮಸ್‌ಗೆ ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದೇನೆ. ಗಿಟಾರನ್ನು ಎತ್ತರಕ್ಕೆ, ಎದೆಗೆ ಹತ್ತಿರ ಹಾಕಿಕೊಳ್ಳಬೇಕಂತೆ, ಸೊಂಟದಲ್ಲಿ ನೇತಾಡಿಸುವುದು ಹುಡುಗರ ಶೋಕಿಯಂತೆ. ನಾನು ಸದ್ಯ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಡ್ಯೂಟಿಗೆ ಹೋಗುತ್ತಿದ್ದೇನೆ.

ಬಿಡಬೇಡ ಜೆರ್ಟ್ರೂಡ್.

ನಿನ್ನ ಲೂಯಿಸ್


ಕಾಪು
20 ಜನವರಿ 2025

ಪ್ರೀತಿಯ ಲೂಯಿಸಣ್ಣ, ಕ್ಯಾರೆನ್, ಮುತ್ತುರಾಜ,

ಪಟ್ಟಿ ಹಾಕಿಕೊಂಡೆ. ಮಗುವನ್ನು ಎತ್ತಿಕೊಂಡ ಹಾಗೆ ಗಿಟಾರ್ ಎದೆಗೆ ಬಂದು ನಿಂತಿತು. ಕೈ ಬಿಟ್ಟರೂ ಅಲ್ಲಾಡಲಿಲ್ಲ. ಅಭ್ಯಾಸದ ದಿನ ಕ್ಲಾಯ್ಡ್ ಪೂರ್ತಿ ಕೇಳಿ, "ಆಂಟಿ, ಇನ್ನು ನೀವು ಮುಂದೆ ಬನ್ನಿ" ಎಂದ. ಇಷ್ಟು ವರ್ಷದಲ್ಲಿ ಆ ಮಾತು ನನಗೆ ಯಾರೂ ಹೇಳಿರಲಿಲ್ಲ. ಪುಸ್ತಕ ಹಂಚಲು ಬೇಸ್ ಸ್ವರದ ಒಬ್ಬನನ್ನು ನೇಮಿಸಿದ್ದಾನೆ.

ನಿನ್ನೆ ಹಬ್ಬದ ಪೂಜೆ. ಇಗರ್ಜಿ ತುಂಬಿ ಹೊರಗೆ ಶಾಮಿಯಾನದವರೆಗೆ ಜನ. ನಾನು ಎಲ್ಲರಿಗಿಂತ ಮುಂದೆ, ಕ್ಲಾಯ್ಡ್‌ನ ಪಕ್ಕದಲ್ಲಿ, ಮೈಕಿನ ಬುಡದಲ್ಲೇ ನಿಂತಿದ್ದೆ. ಮೊದಲ ಸಲ ಬಲಿಪೀಠ ಪೂರ್ತಿ ಕಂಡಿತು. ಪ್ರವೇಶದ ಹಾಡಿನಲ್ಲಿ ಒಂದು ಕಡೆ ತಡವಾಯಿತು, ಯಾರಿಗೂ ಗೊತ್ತಾಗಲಿಲ್ಲ. ಕಾಣಿಕೆಯ ಹಾಡಿನ ಹೊತ್ತಿಗೆ ಕೈ ತನ್ನಷ್ಟಕ್ಕೆ ಹೋಗುತ್ತಿತ್ತು. ಕೈ ತನ್ನ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತದಾ? ನನಗೆ ತಿಳಿಯದೆಯೇ ನಾನು ಹಾಡುತ್ತಿದ್ದೆ. ದಣಿದ ಸ್ವರದಲ್ಲೇ, ಗಟ್ಟಿಯಾಗಿ, ಮೈಕಿನಲ್ಲಿ.

ಕ್ಲಾಯ್ಡ್ ತಿರುಗಿ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ನನ್ನ ಬಾಯಿ ನಿಲ್ಲಿಸಬೇಕಾದರೆ ಅವನು ಗಿಟಾರನ್ನೂ ನಿಲ್ಲಿಸಬೇಕಿತ್ತು. ನಾನು ಎರಡನೆಯ ಚರಣಕ್ಕೆ ಹೋದೆ.

ನಿಮ್ಮ ಜೆರ್ಟ್ರೂಡ್